ಮತ ಹಾಕದ ಸಭೆ: ಕ್ವೇಕರರ ವಾರ್ಷಿಕ ಕೂಟದಲ್ಲಿ ಕಿರಿಯರು

ಕ್ವೇಕರ್ ಎಂದೊಡನೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು ಓಟ್ಸ್ ಡಬ್ಬಿಯ ಮೇಲಿರುವ ಟೋಪಿ ಹಾಕಿದ ಅಜ್ಜ. ನನಗೂ ಅಷ್ಟೇ ಗೊತ್ತಿತ್ತು. ಆ ಕಂಪನಿಗೂ ಕ್ವೇಕರ್ ಪಂಥಕ್ಕೂ ಸಂಬಂಧವಿಲ್ಲ, ಹೆಸರು ಮಾತ್ರ ಎರವಲು ಎಂದು ನನ್ನನ್ನು ತಿದ್ದಿದವಳು ನನ್ನ ಮಗಳು. ಅವಳಿಗಾಗ ಹದಿನಾರು. ಗೆಳತಿಯ ಮನೆಯವರ ಜೊತೆ ಭಾನುವಾರದ ಕ್ವೇಕರ್ ಸಭೆಗೆ ಹೋಗತೊಡಗಿ ಒಂದೂವರೆ ವರ್ಷವಾಗಿತ್ತು. ಹೆಚ್ಚುಕಡಿಮೆ ಅಷ್ಟೇ ಕಾಲದಿಂದ ನಮ್ಮ ಸಂಘದ ಕಾರ್ಯಕ್ರಮಗಳಿಗೆ ಬರುವುದನ್ನೂ ಬಿಟ್ಟಿದ್ದಳು. ಮೈಸೂರಿನಿಂದ ನಮ್ಮಮ್ಮ ಫೋನಿನಲ್ಲಿ, "ಏನೋ, ಮಗು ಚರ್ಚಿಗೆ ಸೇರ್ಕೊಂಡ್ಬಿಟ್ಟಳೇನೋ?" ಎಂದು ಕೇಳಿದಾಗ ನನ್ನ ಬಳಿ ಸರಿಯಾದ ಉತ್ತರವಿರಲಿಲ್ಲ.

ಅವಳು ನಮ್ಮ ಸಂಘವನ್ನು ಬಿಟ್ಟದ್ದಕ್ಕೆ ಕಾರಣ ನಾನೇ. ಒಂದು ರಾಜ್ಯೋತ್ಸವದಲ್ಲಿ 'ಯುವ ಧ್ವನಿ' ಎಂದು ಹತ್ತು ನಿಮಿಷ ಇಟ್ಟಿದ್ದೆವು, ಊಟದ ಪ್ರಕಟಣೆಗೂ ಲಾಟರಿಗೂ ನಡುವೆ. ಅವಳ ಭಾಷಣವನ್ನು ನಾನೇ ಬರೆದುಕೊಟ್ಟೆ. ಅವಳು ತಪ್ಪಿಲ್ಲದೆ ಓದಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು. ಕಾರಿನಲ್ಲಿ, "ಅಪ್ಪಾ, ಅದು ನನ್ನ ಮಾತಲ್ಲ" ಎಂದಳು. ನಾನು ಆಗ ನಕ್ಕುಬಿಟ್ಟೆ.

ಆ ಮೇ ತಿಂಗಳಲ್ಲಿ ಅವಳ ಊರಿನ ಕ್ವೇಕರ್ ಸಭೆಯವರು ಲಂಡನ್ನಿನ ವಾರ್ಷಿಕ ಕೂಟದ ಕಿರಿಯರ ವಿಭಾಗಕ್ಕೆ ಅವಳನ್ನು ಕಳುಹಿಸಿದರು. ಸದಸ್ಯರಲ್ಲದವರೂ ಮೊದಲೇ ಒಪ್ಪಿಗೆ ಪಡೆದು ಬಂದು ಕೂರಬಹುದು ಎಂದು ಗೆಳತಿಯ ತಾಯಿ ಹೇಳಿದ್ದರಿಂದ ಒಂದು ದಿನದ ಮಟ್ಟಿಗೆ ನಾನೂ ಹೋದೆ. ನಿಜ ಹೇಳಬೇಕೆಂದರೆ, ಬೇಹುಗಾರಿಕೆಗೇ ಹೋದದ್ದು.

ಹಿನ್ನೆಲೆ ಸ್ವಲ್ಪ ಹೇಳಬೇಕು. 17ನೇ ಶತಮಾನದ ನಡುವಿನಲ್ಲಿ ಜಾರ್ಜ್ ಫಾಕ್ಸ್ ಎಂಬಾತನ ಸುತ್ತ ಇಂಗ್ಲೆಂಡಿನಲ್ಲಿ ಬೆಳೆದ ಪಂಥ ಇದು. ಪ್ರತಿಯೊಬ್ಬರಲ್ಲೂ ದೇವರ ಅಂಶವಿದೆ, ಅದನ್ನು ಕೇಳಿಸಿಕೊಳ್ಳಲು ಪಾದ್ರಿ ಬೇಕಿಲ್ಲ ಎಂಬುದು ಅವರ ಮೂಲ ಮಾತು. ತಮ್ಮನ್ನು ಅವರು ಕರೆದುಕೊಳ್ಳುವುದು 'ಗೆಳೆಯರು' ಎಂದು. ಕ್ವೇಕರ್, ಅಂದರೆ ನಡುಗುವವರು, ಎನ್ನುವುದು ಬೇರೆಯವರು ಗೇಲಿಗೆ ಇಟ್ಟ ಹೆಸರು. ಬ್ರಿಟನ್ನಿನ ಕ್ವೇಕರರು ಇಂದಿಗೂ ಮೌನವಾಗಿ ಕೂತು ಪ್ರಾರ್ಥಿಸುತ್ತಾರೆ. ಯಾರಿಗಾದರೂ ಹೇಳಲೇಬೇಕು ಎನ್ನಿಸಿದರೆ ಎದ್ದು ನಾಲ್ಕು ಮಾತಾಡಿ ಕೂರುತ್ತಾರೆ. ಲಂಡನ್ನಿನ ವಾರ್ಷಿಕ ಸಭೆ ಅದೇ 17ನೇ ಶತಮಾನದಿಂದ ನಡೆದು ಬಂದಿದೆ. 1995ರಲ್ಲಿ ಅದರ ಹೆಸರು ಬ್ರಿಟನ್ ವಾರ್ಷಿಕ ಸಭೆ ಎಂದಾಯಿತು. ಹೆಚ್ಚಿನ ವರ್ಷ ಅದು ಸೇರುವುದು ಯೂಸ್ಟನ್ ಸ್ಟೇಷನ್ನಿನ ಎದುರಿಗಿರುವ ಫ್ರೆಂಡ್ಸ್ ಹೌಸಿನಲ್ಲಿ. ಕೆಲವು ವರ್ಷ ಯಾವುದಾದರೂ ವಿಶ್ವವಿದ್ಯಾಲಯದ ಆವರಣದಲ್ಲಿ ಮನೆಮಂದಿಯೆಲ್ಲ ಉಳಿದುಕೊಳ್ಳುವ ಹಾಗೆ ನಡೆಯುತ್ತದೆ. 2011ರಲ್ಲಿ ಕ್ಯಾಂಟರ್ಬರಿ, 2014ರಲ್ಲಿ ಬಾತ್, 2017ರಲ್ಲಿ ವಾರಿಕ್.

ಸಭೆಯನ್ನು ನಡೆಸುವವರನ್ನು ಅಲ್ಲಿ ಕ್ಲರ್ಕ್ ಎನ್ನುತ್ತಾರೆ. ನಮ್ಮ ಕಿವಿಗೆ ಕ್ಲರ್ಕ್ ಎಂದರೆ ಗುಮಾಸ್ತ. ಇಲ್ಲೂ ಕೆಲಸ ಬಹುಮಟ್ಟಿಗೆ ಅದೇ, ಬರೆಯುವುದು. ಅಧ್ಯಕ್ಷರಿಲ್ಲ, ಮುಖ್ಯ ಅತಿಥಿಗಳಿಲ್ಲ, ಹಾರ ತುರಾಯಿಗಳಿಲ್ಲ. ಒಂದು ವಿಷಯ ಮುಂದಿಟ್ಟ ಮೇಲೆ ಮೌನ. ಮಾತಾಡಬೇಕೆನ್ನುವವರು ಎದ್ದು ನಿಲ್ಲುತ್ತಾರೆ, ಕ್ಲರ್ಕ್ ಒಬ್ಬರನ್ನು ಕರೆಯುತ್ತಾರೆ, ಉಳಿದವರು ಕೂರುತ್ತಾರೆ. ಅವರ ಮಾತು ಮುಗಿದ ಮೇಲೆ ಮತ್ತೆ ಮೌನ. ಚಪ್ಪಾಳೆಯಿಲ್ಲ, ಎದುರುತ್ತರವೂ ಇಲ್ಲ. ಮತ ಹಾಕುವುದಂತೂ ಇಲ್ಲವೇ ಇಲ್ಲ. ಸಭೆಯ ಒಳದನಿ ಯಾವ ಕಡೆಗಿದೆ ಎಂದು ಕ್ಲರ್ಕ್ ಅಳೆದು ನಡಾವಳಿಯನ್ನು ಅಲ್ಲೇ, ಎಲ್ಲರೂ ಕಾಯುತ್ತಿರುವಾಗಲೇ ಬರೆದು ಓದುತ್ತಾರೆ. ಒಪ್ಪಿಗೆಯಾದರೆ ಸಭೆ "ಹೌದು" ಎನ್ನುವುದಿಲ್ಲ, "ಹಾಗೆಂದು ಆಶಿಸೋಣ" ಎನ್ನುತ್ತದೆ. ಒಪ್ಪಿಗೆಯಾಗದಿದ್ದರೆ ಪದ ಬದಲಾಗುತ್ತದೆ, ಇಲ್ಲವೇ ವಿಷಯ ಮುಂದಕ್ಕೆ ಹೋಗುತ್ತದೆ. ಸಂಘದ ಖಜಾಂಚಿಯಾಗಿದ್ದವನಿಗೆ ಇದನ್ನು ನೋಡಿ ಮೊದಲು ಬಂದದ್ದು ಆಕಳಿಕೆ. 2009ರಲ್ಲಿ ಯಾರ್ಕ್‌ನಲ್ಲಿ ಸೇರಿದ ಇಂಥದೇ ಸಭೆ ಸಲಿಂಗ ವಿವಾಹಗಳನ್ನೂ ಇತರ ಮದುವೆಗಳಂತೆಯೇ ನಡೆಸಿಕೊಡಲು ನಿರ್ಧರಿಸಿತು, ದೇಶದ ಕಾನೂನು ಬದಲಾಗುವುದಕ್ಕೆ ವರ್ಷಗಳ ಮುಂಚೆ, ಒಂದೂ ಮತ ಎಣಿಸದೆ. ಇದು ತಿಳಿದ ಮೇಲೆ ಆಕಳಿಕೆ ನಿಂತಿತು.

ಲಂಡನ್ನಿನ ಕನ್ನಡಿಗರಿಗೆ ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆ ನೆನಪಾಗಿ, ಇದೂ ಒಂದು ಅನುಭವ ಮಂಟಪ ಎನ್ನುವ ಆಸೆಯಾಗಬಹುದು. ನನಗೂ ಆಯಿತು. ಆದರೆ ಹೋಲಿಕೆ ಮಾಡಿದ ಕೂಡಲೇ ನಾವು ನೋಡುವುದನ್ನು ನಿಲ್ಲಿಸಿಬಿಡುತ್ತೇವೆ. ಹಾಗಾಗಿ ಅದನ್ನು ಇಲ್ಲಿಗೇ ಬಿಡುತ್ತೇನೆ.

ಈಗ ಕಿರಿಯರ ವಿಷಯ. ಪುಟ್ಟ ಮಕ್ಕಳಿಗೆ ಬೇರೆ ಕಾರ್ಯಕ್ರಮವಿರುತ್ತದೆ, ಹದಿಹರೆಯದವರಿಗೆ ಕಿರಿಯರ ವಾರ್ಷಿಕ ಸಭೆ. ಅದನ್ನು ಯೋಜಿಸುವ ಸಮಿತಿಯಲ್ಲಿ ಅವರೇ ಇರುತ್ತಾರೆ, ಅವರಿಗೆ ಅವರದೇ ಕ್ಲರ್ಕುಗಳು. ಆಟ, ಹಾಡು, ಮಧ್ಯರಾತ್ರಿಯ ಹರಟೆ ಎಲ್ಲ ಉಂಟು. ನಡುನಡುವೆ ದೊಡ್ಡವರ ಅಧಿವೇಶನಕ್ಕೆ ಬಂದು ಕೂರುತ್ತಾರೆ, ಎದ್ದರೆ ಅವರಿಗೂ ಸರದಿ ಸಿಗುತ್ತದೆ. ಹುಡುಗನೊಬ್ಬ ಮಾತಾಡಿ ಕೂತಾಗ ನನ್ನ ಕೈ ತಾನೇ ಚಪ್ಪಾಳೆಗೆ ಹೋಯಿತು, ಪಕ್ಕದವರು ನಕ್ಕು ತಲೆಯಾಡಿಸಿದರು. 'ಎಷ್ಟು ಚೆನ್ನಾಗಿ ಮಾತಾಡಿದ' ಎಂದು ಯಾರೂ ಹೇಳಲಿಲ್ಲ. ಅವನು ಹೇಳಿದ್ದನ್ನು ಯೋಚಿಸುತ್ತ ಕೂತಿದ್ದರು. ಹೊಗಳದೇ ಇರುವುದೂ ಒಂದು ಮರ್ಯಾದೆ ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಇದಕ್ಕೆ ಹಳೆಯ ಬೇರುಗಳಿವೆ. ಒಂದು ಕಾಲದಲ್ಲಿ ಕ್ವೇಕರ್ ಸಭೆಗಳೇ ಅಪರಾಧವಾಗಿದ್ದವು. 1682ರಲ್ಲಿ ಬ್ರಿಸ್ಟಲ್ ನಗರದಲ್ಲಿ ದೊಡ್ಡವರೆಲ್ಲ ಸೆರೆಮನೆ ಸೇರಿದಾಗ ಅಲ್ಲಿನ ಭಾನುವಾರದ ಸಭೆಯನ್ನು ನಡೆಸಿಕೊಂಡು ಹೋದವರು ಮಕ್ಕಳು. ಬೈಗುಳ, ಏಟು ಎರಡನ್ನೂ ತಿಂದರು, ಸಭೆ ಬಿಡಲಿಲ್ಲ. ಮುಂದೆ ಇದೇ ಪಂಥ ಮಡಿಮಡಿಯಾಗಿ ಕೂತುಬಿಟ್ಟಿದ್ದ ಕಾಲದಲ್ಲಿ, 1895ರ ಮ್ಯಾಂಚೆಸ್ಟರ್ ಸಮ್ಮೇಳನದಲ್ಲಿ ಹೊಸ ಗಾಳಿ ಬೇಕೆಂದು ಕೇಳಿದವರಲ್ಲಿ ಯಾರ್ಕ್‌ನ ಚಾಕಲೇಟ್ ಮನೆತನದ ಜಾನ್ ವಿಲ್ಹೆಲ್ಮ್ ರೌನ್‌ಟ್ರೀ ಒಬ್ಬ. ಅವನಿಗಾಗ 27 ವರ್ಷ.

ಎಲ್ಲವೂ ಸೊಗಸಾಗಿತ್ತು ಎಂದು ಮಗಳೂ ಹೇಳಲಿಲ್ಲ. ಮೊದಲ ದಿನದ ಅಧಿವೇಶನದಲ್ಲಿ ನಿದ್ದೆ ಹೋದಳಂತೆ. ತಲೆಮಾರುಗಳಿಂದ ಕ್ವೇಕರರಾದ ಮನೆಯ ಮಕ್ಕಳಿಗೆ ಕರತಲಾಮಲಕವಾದ ಪದಗಳು ಅವಳಿಗೆ ತಿಳಿಯಲಿಲ್ಲ. ಮೌನ ಕೆಲವರಿಗೆ ಹಿತ, ಕೆಲವರಿಗೆ ಹಿಂಸೆ. ಅವಳು ಮನೆಗೆ ತಂದ ಮುಖ್ಯ ಅನುಭವ ಬೇರೆ.

ಕೂಟದ ಕೊನೆಗೆ ಲೋಕದ ಎಲ್ಲೆಡೆಯ ಗೆಳೆಯರಿಗೆ ಒಂದು ಓಲೆ ಬರೆಯುವ ಪದ್ಧತಿಯಿದೆ. ದೊಡ್ಡವರದೊಂದು, ಕಿರಿಯರದು ಬೇರೆ. ಕಿರಿಯರ ಓಲೆಯನ್ನು ದೊಡ್ಡ ಸಭೆಯಲ್ಲಿ ಓದುತ್ತಾರೆ. ಅದರ ಕರಡಿನಲ್ಲಿ ಒಂದು ವಾಕ್ಯ 'ಕ್ವೇಕರರಾದ ನಾವೆಲ್ಲರೂ' ಎಂದು ಶುರುವಾಗಿತ್ತಂತೆ. ಮಗಳು ಎದ್ದು, ತಾನು ಕ್ವೇಕರ್ ಹೌದೋ ಅಲ್ಲವೋ ತನಗೇ ಗೊತ್ತಿಲ್ಲ, ಈ 'ಎಲ್ಲರೂ' ತನ್ನನ್ನು ಹೊರಗಿಡುತ್ತದೆ ಎಂದಳು. ಅರ್ಧ ಗಂಟೆ ಆ ಒಂದು ಪದದ ಮೇಲೆಯೇ ಹೋಯಿತು. ಊಟದ ಹೊತ್ತು ಮೀರಿತು, ಯಾರೂ ಅವಳನ್ನು ಸುಮ್ಮನಿರು ಎನ್ನಲಿಲ್ಲ. ಕೊನೆಗೆ 'ನಾವೂ, ನಮ್ಮೊಂದಿಗೆ ಹುಡುಕುತ್ತಿರುವವರೂ' ಎಂದಾಯಿತು. ಇಷ್ಟೇ. ಆದರೆ ರೈಲಿನಲ್ಲಿ ಇದನ್ನು ಮೂರು ಸಲ ಹೇಳಿದಳು.

ಈ ಲೇಖನಕ್ಕಾಗಿ ಅವಳ ಅನುಭವವನ್ನು ಕನ್ನಡದಲ್ಲಿ ಬರೆಯೋಣ ಎಂದು ಇಬ್ಬರೂ ಕೂತೆವು. ಕ್ಲರ್ಕ್ ಅಳೆಯುವ ಆ ಒಳದನಿ ಇದೆಯಲ್ಲ, ಅವರು ಅದಕ್ಕೆ ಹೇಳುವ ಮಾತಿಗೆ ಕನ್ನಡ ಸಿಗಲಿಲ್ಲ. ನಾನು 'ಸರ್ವಾನುಮತ' ಎಂದೆ. ಅಲ್ಲ, ಒಬ್ಬರಿಗೆ ಒಪ್ಪಿಗೆಯಾಗದಿದ್ದರೂ ಅವರು ದಾರಿ ಬಿಟ್ಟುಕೊಡಬಹುದು ಎಂದಳು. 'ಒಮ್ಮತ'? ಅದರಲ್ಲೂ ಮತ ಇದೆಯಲ್ಲ ಎಂದಳು. ಮಾರನೇ ದಿನ ಅಜ್ಜಿಗೆ ಫೋನ್ ಮಾಡಿ, ಮತ ಹಾಕದೆ, ಗದ್ದಲವಿಲ್ಲದೆ, ಎಲ್ಲರೂ ಕಾದು ತಿಳಿದುಕೊಳ್ಳುವುದು ಎಂದೆಲ್ಲ ತನ್ನ ಅರೆಬರೆ ಕನ್ನಡದಲ್ಲಿ ವಿವರಿಸಿದಳು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಭೆ ಮನಸ್ಸು ಅನ್ನು, ಪುಟ್ಟಿ" ಎಂದರು.

ಮಗಳು ಹಾಗೆಯೇ ಬರೆದುಕೊಂಡಳು. ನಾನು ತಿದ್ದಲಿಲ್ಲ.