ವೈರಿಂಗ್ ಮೇಜಿನ ಎರಡನೇ ಪಾಠ

ಪ್ರಯಾಣಿಕ ವಿಮಾನದ ಒಳಗೋಡೆಯ ಪ್ಯಾನೆಲ್ ಬಿಚ್ಚಿದರೆ ಕಣ್ಣಿಗೆ ಬೀಳುವುದು ವೈರುಗಳ ಕಟ್ಟು. ಏರ್‌ಬಸ್ ಎ380ಯಂಥ ದೈತ್ಯನ ವೈರುಗಳನ್ನೆಲ್ಲ ಒಂದರ ತುದಿಗೆ ಒಂದು ಸೇರಿಸಿದರೆ 500 ಕಿಲೋಮೀಟರ್ ದಾಟುತ್ತದೆ. ಮಲ್ಲಿಗೆ ದಂಡೆಯ ಹಾಗೆ ಅಂತರ ನೋಡಿ ದಾರದ ಗಂಟು ಹಾಕಿ, ಕ್ಲಾಂಪಿನಲ್ಲಿ ಹಿಡಿಸಿ, ಲೋಹದ ಅಂಚು ತಾಗದಂತೆ ಒಯ್ಯುವ ಈ ಕಟ್ಟಿಗೆ ಹಾರ್ನೆಸ್ ಎಂದು ಹೆಸರು. ಬೆಂಗಳೂರಿನ ಹಲವು ಏರೋಸ್ಪೇಸ್ ಘಟಕಗಳಲ್ಲಿ ಇದೇ ದಿನನಿತ್ಯದ ಕೆಲಸ. ಯಂತ್ರಗಳು ಎಷ್ಟೇ ಬಂದಿದ್ದರೂ ಹಾರ್ನೆಸ್ಸನ್ನು ಇವತ್ತಿಗೂ ಬಹುಪಾಲು ಕಟ್ಟುವುದು ಮನುಷ್ಯರ ಬೆರಳುಗಳೇ.

ಕಲಿಕೆ ಶುರುವಾಗುವುದು ವೈರಿನ ಹೊದಿಕೆ ಸುಲಿಯುವುದರಿಂದ. ವಿಮಾನದಲ್ಲಿ ಹೆಚ್ಚು ಬಳಕೆಯಲ್ಲಿರುವ 20 ಗೇಜಿನ ವೈರಿನೊಳಗೆ ಸಾಮಾನ್ಯವಾಗಿ 19 ಸಣ್ಣ ಎಳೆಗಳಿರುತ್ತವೆ. ಸುಲಿಯುವ ಟೂಲಿನ ಬ್ಲೇಡು ಸವೆದಿದ್ದರೆ, ಅಥವಾ ತಪ್ಪು ಅಳತೆಯ ತೋಡಿನಲ್ಲಿ ವೈರು ಇಟ್ಟರೆ, ಒಂದೆರಡು ಎಳೆಗೆ ಕಚ್ಚು ಬೀಳುತ್ತದೆ. ಅದರ ಮೇಲೆ ಟರ್ಮಿನಲ್ ಎಂಬ ಲೋಹದ ತುದಿ ತೊಡಿಸಿ ಒತ್ತಿ ಬಿಗಿದರೆ, ಅಂದರೆ ಕ್ರಿಂಪ್ ಮಾಡಿದರೆ ಮುಗಿಯಿತು, ಕಚ್ಚು ಒಳಗೆ ಮುಚ್ಚಿಹೋಯಿತು. ಕ್ರಿಂಪಿಂಗ್ ಟೂಲು ಪೂರ್ತಿ ಒತ್ತುವ ತನಕ ಹಿಡಿತ ಬಿಡುವುದಿಲ್ಲ, ಹಾಗಾಗಿ ಅರೆಬರೆ ಕ್ರಿಂಪ್ ಸಿಕ್ಕಿಬೀಳುತ್ತದೆ. ಟರ್ಮಿನಲ್ಲಿನ ಪುಟ್ಟ ಕಿಂಡಿಯಲ್ಲಿ ನೋಡುವ ಇನ್‌ಸ್ಪೆಕ್ಟರಿಗೆ ಎಳೆಗಳು ಕೊನೆಯವರೆಗೂ ಬಂದಿವೆಯೋ ಇಲ್ಲವೋ ಗೊತ್ತಾಗುತ್ತದೆ. ಎಳೆಗೆ ಬಿದ್ದ ಕಚ್ಚು ಮಾತ್ರ ಗೊತ್ತಿರುವುದು ಸುಲಿದವರಿಗೆ. ಅವರು ಬಾಯಿಬಿಟ್ಟು ಹೇಳಿದರೆ ಐದು ನಿಮಿಷದಲ್ಲಿ ತುದಿ ಕತ್ತರಿಸಿ ಮತ್ತೆ ಮಾಡಬಹುದು. ಹೇಳದೆ ಉಳಿದರೆ ಅದು ಕಂಪನಕ್ಕೆ ಸಿಕ್ಕಿ ವರ್ಷಗಟ್ಟಲೆ ಆಕಾಶದಲ್ಲಿ ತಿರುಗುತ್ತದೆ.

ವೈರನ್ನು ಲೋಕ ಗಂಭೀರವಾಗಿ ನೋಡತೊಡಗಿದ್ದು ಎರಡು ದುರಂತಗಳ ನಂತರ. 1996ರ ಜುಲೈ 17ರಂದು ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ ಹೊರಟ ಟಿಡಬ್ಲ್ಯುಎ 800 ವಿಮಾನದ ಇಂಧನ ಟ್ಯಾಂಕು ಆಕಾಶದಲ್ಲೇ ಸ್ಫೋಟಿಸಿ 230 ಮಂದಿ ಸತ್ತರು. ಟ್ಯಾಂಕಿನ ಹೊರಗೆ ಶಾರ್ಟ್ ಸರ್ಕ್ಯೂಟ್ ಆಗಿ, ಇಂಧನದ ಮಟ್ಟ ಅಳೆಯುವ ವೈರುಗಳಿಗೆ ಹೆಚ್ಚಿನ ವೋಲ್ಟೇಜು ನುಗ್ಗಿರುವ ಸಂಭವವೇ ಹೆಚ್ಚು ಎಂದಿತು ಅಮೆರಿಕದ ತನಿಖಾ ಮಂಡಳಿ. 1998ರ ಸೆಪ್ಟೆಂಬರ್ 2ರಂದು ಸ್ವಿಸ್ಏರ್ 111 ಕೆನಡಾದ ಕರಾವಳಿಯ ಬಳಿ ಸಮುದ್ರಕ್ಕೆ ಬಿದ್ದು 229 ಮಂದಿ ಹೋದರು. ಅಲ್ಲಿ ಕಾಕ್‌ಪಿಟ್ಟಿನ ಮೇಲ್ಛಾವಣಿಯೊಳಗೆ ವೈರಿನಿಂದ ಹಾರಿದ ಕಿಡಿ ಪಕ್ಕದ ಶಾಖನಿರೋಧಕ ಹೊದಿಕೆಗೆ ಹತ್ತಿಕೊಂಡಿರುವ ಸಂಭವವೇ ಹೆಚ್ಚು.

ಟಿಡಬ್ಲ್ಯುಎ ತನಿಖೆಯಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ ಬೇರೆ. ಹೋಲಿಕೆಗಾಗಿ ಬೇರೆ ವಿಮಾನಗಳನ್ನು ಬಿಚ್ಚಿ ನೋಡಿದಾಗ ವೈರು ಕಟ್ಟುಗಳ ಮೇಲೆ ಡ್ರಿಲ್ಲಿನಿಂದ ಉದುರಿದ ಲೋಹದ ಚೂರುಗಳು ಸಿಕ್ಕವು. ಡ್ರಿಲ್ ಹಿಡಿಯುವವರು ಸಾಮಾನ್ಯವಾಗಿ ಶೀಟ್ ಮೆಟಲ್ ವಿಭಾಗದವರು. ವೈರಿಂಗ್ ತಮ್ಮ ಕೆಲಸವಲ್ಲ ಎಂದುಕೊಂಡವರ ಚೂರುಗಳೇ ವೈರನ್ನು ಕೊರೆಯುತ್ತಿರುತ್ತವೆ. ಅಮೆರಿಕ 2007ರಲ್ಲಿ ವಿಮಾನದ ವೈರಿಂಗನ್ನೇ ಒಂದು ಸ್ವತಂತ್ರ ವ್ಯವಸ್ಥೆಯಾಗಿ ಪರಿಗಣಿಸುವ ನಿಯಮ ತಂದಿತು. ಯುರೋಪಿನ ತರಬೇತಿ ಮಾರ್ಗಸೂಚಿ ಕಲಿಯಬೇಕಾದವರನ್ನು ಎಂಟು ಗುಂಪಾಗಿ ವಿಂಗಡಿಸಿತು. ಅದರಲ್ಲಿ ವೈರು ದುರಸ್ತಿ ಮಾಡುವವರ ಜೊತೆಗೆ ಪೈಲಟ್‌ಗಳೂ ಇದ್ದಾರೆ, ಗಗನಸಖಿಯರೂ ಇದ್ದಾರೆ, ವೈರಿನ ಆಸುಪಾಸು ಓಡಾಡುವ ಇತರ ಸೇವಾ ಸಿಬ್ಬಂದಿಯೂ ಇದ್ದಾರೆ. ಕೆಲಸ ಮುಗಿದ ಮೇಲಲ್ಲ, ಮಾಡುತ್ತಾ ಮಾಡುತ್ತಲೇ ಗುಡಿಸಿ ಎನ್ನುವುದು ಅಲ್ಲಿನ ಮುಖ್ಯ ಪಾಠ.

ಕಚ್ಚಾಗಲಿ ಚೂರಾಗಲಿ, ಕಂಡವರು ಬಾಯಿಬಿಟ್ಟರೆ ತಾನೇ ಬೆಳಕಿಗೆ ಬರುವುದು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2013ರಲ್ಲಿ ಸುರಕ್ಷತಾ ನಿರ್ವಹಣೆಗೆಂದೇ 19ನೇ ಅನುಬಂಧ ಜಾರಿಗೆ ತಂದಿತು. ಅದರ ತಿರುಳು ಇಷ್ಟು: ಅಪಾಯವನ್ನು ಅಪಘಾತಕ್ಕೆ ಮೊದಲೇ ಗುರುತಿಸಬೇಕು, ಅದಕ್ಕೆ ಕೆಳಗಿನವರಿಂದ ವರದಿ ಬರಬೇಕು, ವರದಿ ಬರಬೇಕಾದರೆ ಹೇಳಿದವರಿಗೆ ಶಿಕ್ಷೆಯ ಭಯ ಇರಬಾರದು. ಇದರರ್ಥ ಎಲ್ಲಕ್ಕೂ ಮಾಫಿ ಎಂದಲ್ಲ. ಬ್ರಿಟಿಷ್ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ ಒಂದು ಪರೀಕ್ಷೆ ಹೇಳುತ್ತಿದ್ದರು: ಅದೇ ತರಬೇತಿ, ಅದೇ ಅನುಭವ ಇರುವ ಇನ್ನೊಬ್ಬರು ಆ ಜಾಗದಲ್ಲಿದ್ದರೆ ಅವರೂ ಹಾಗೆಯೇ ಮಾಡುತ್ತಿದ್ದರೇ? ಹೌದಾದರೆ ತಪ್ಪು ಹುಡುಕಬೇಕಾದ್ದು ಆ ಒಬ್ಬರಲ್ಲಲ್ಲ.

ನಮ್ಮಲ್ಲಿ ವಿಮಾನ ನಿರ್ವಹಣಾ ಎಂಜಿನಿಯರ್ ಲೈಸೆನ್ಸಿಗೆ ಓದುವವರಿಗೆ ವೈರಿಂಗ್ ಬರುವುದು ಏಳನೇ ಮಾಡ್ಯೂಲಿನಲ್ಲಿ, ಮನುಷ್ಯನ ತಪ್ಪು, ಒತ್ತಡ, ಆಯಾಸಗಳ ಪಾಠ ಒಂಬತ್ತನೆಯದರಲ್ಲಿ. ಇವೆರಡನ್ನೂ ಒಂದೇ ಮೇಜಿನ ಮೇಲೆ ಕಲಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕ್ರಿಂಪಿಂಗ್ ಕಲಿಯುವ ದಿನವೇ ಕಚ್ಚು ಬಿದ್ದ ಎಳೆಯ ವರದಿಯನ್ನೂ ಬರೆಯಿಸಿ. ಅರ್ಧ ಮುಗಿದ ಕನೆಕ್ಟರನ್ನು ಮುಂದಿನ ಶಿಫ್ಟಿನ ಸಹಪಾಠಿಗೆ ಬರಹದಲ್ಲೇ ಒಪ್ಪಿಸಲು ಹೇಳಿ. ಅವನು ಎಲ್ಲಿ ತಡವರಿಸುತ್ತಾನೆ ನೋಡಿ, ಬರಹದಲ್ಲಿ ಬಿಟ್ಟುಹೋದದ್ದು ಯಾವುದೆಂದು ಇಬ್ಬರಿಗೂ ತಿಳಿಯುತ್ತದೆ.

ಇನ್ನರ್ಧ ಹೊಣೆ ಮ್ಯಾನೇಜರುಗಳದು. ಸುಲಿಯುವ ಟೂಲು ಸರಿಯಿಲ್ಲ ಎಂದು ಹುಡುಗಿಯೊಬ್ಬಳು ಚೀಟಿ ಬರೆದು ಹಾಕಿದರೆ, ಆ ವಾರವೇ ಬ್ಲೇಡು ಬದಲಾಗಬೇಕು. ಯಾರೂ ನೋಡದ ಕಡತದಲ್ಲಿ ಅವಳ ಚೀಟಿ ಮಲಗಿಬಿಟ್ಟರೆ ಎರಡನೇ ಚೀಟಿ ಬರುವುದಿಲ್ಲ. ಬದಲಾದದ್ದು ಏನು, ಯಾವ ದೂರಿನಿಂದ ಬದಲಾಯಿತು ಎಂಬುದನ್ನು ನೋಟಿಸ್ ಬೋರ್ಡಿನಲ್ಲಿ ಕನ್ನಡದಲ್ಲೂ ಹಾಕಬೇಕು, ಏಕೆಂದರೆ ಬೆಂಗಳೂರಿನ ಆ ಮೇಜುಗಳ ಮುಂದೆ ಕುಳಿತವರಲ್ಲಿ ಅನೇಕರು ಐಟಿಐ, ಡಿಪ್ಲೊಮಾ ಮುಗಿಸಿ ನಮ್ಮ ಜಿಲ್ಲೆಗಳಿಂದ ಬಂದವರು.