ತಾರಸಿಗೆ ಬಂದ ಹಸಿರು

ಜಯನಗರದ ಆ ಹಳೆಯ ಮನೆಯ ಮೆಟ್ಟಿಲು ಇಕ್ಕಟ್ಟು. ಎರಡು ಮೀಟರ್ ಅಗಲದ ಕೃತಕ ಹುಲ್ಲಿನ ಸುರುಳಿಯನ್ನು ಹೆಗಲಿಗೇರಿಸಿದ ಹುಡುಗರಿಬ್ಬರು ತಿರುವಿನಲ್ಲಿ ಒಮ್ಮೆ ಹಿಂದೆ ಸರಿದು, ಒಮ್ಮೆ ಓರೆ ಮಾಡಿ, ಅಂತೂ ತಾರಸಿ ಮುಟ್ಟುತ್ತಾರೆ. ಹಗ್ಗ ಬಿಚ್ಚಿದೊಡನೆ ಹೊಸ ಪ್ಲಾಸ್ಟಿಕ್ಕಿನ ವಾಸನೆ. ಉರುಳುತ್ತ ಹೋದ ಹಸಿರು ತುಳಸಿ ಕುಂಡದ ಬಳಿ ನಿಲ್ಲುತ್ತದೆ. ಅಲ್ಲಲ್ಲಿ ಉಬ್ಬು. ಯಾರೂ ಎಳೆದಾಡುವುದಿಲ್ಲ, ಬಿಸಿಲಿಗೆ ಬಿಟ್ಟು ಟೀ ಕುಡಿಯಲು ಕೂರುತ್ತಾರೆ. ಒಂದೆರಡು ಗಂಟೆಯಲ್ಲಿ ಅದು ತಾನಾಗಿ ಸಮವಾಗುತ್ತದೆ.

ಮುಖ್ಯ ಕೆಲಸ ಹಿಂದಿನ ವಾರವೇ ಆಗಿದೆ. ಮೇಸ್ತ್ರಿ ಬಕೆಟ್ ನೀರು ಸುರಿದು ಅದು ಹೋಗುವ ದಾರಿ ನೋಡಿದ್ದರು. ಒಂದು ಮೂಲೆಯಲ್ಲಿ ನೀರು ನಿಂತಿತು. "ಅಮ್ಮಾ, ಇಲ್ಲಿ ವಾಟ ಸರಿಯಿಲ್ಲ. ಹೀಗೇ ಹಾಸಿಬಿಟ್ರೆ ಅಡಿಯಲ್ಲಿ ಪಾಚಿ ಕಟ್ಟುತ್ತೆ, ಆಮೇಲೆ ಕೆಳಗಿನ ರೂಮು ಸೋರುತ್ತೆ" ಎಂದು ಗಾರೆ ಹಾಕಿ ಸರಿಪಡಿಸಿದರು. ಹುಲ್ಲಿನ ಬೆನ್ನಿನಲ್ಲಿ ತೂತುಗಳಿವೆ, ನಿಜ. ಇಳಿದ ನೀರಿಗೆ ಮುಂದಕ್ಕೆ ಹೋಗಲು ದಾರಿ ಬೇಕಲ್ಲ. ಈ ಬಕೆಟ್ ಪರೀಕ್ಷೆ ಮಾಡದವರಿಗೆ ಕೆಲಸ ಒಪ್ಪಿಸಲೇಬಾರದು.

ಹುಡುಗ ಅಂಗೈಯಿಂದ ಎಸಳು ಸವರಿ ಅದು ವಾಲುವ ದಿಕ್ಕು ನೋಡುತ್ತಾನೆ. ಪಕ್ಕದ ತುಂಡು ಬೇರೆ ಕಡೆಗೆ ವಾಲಿದರೆ ಒಂದೇ ಹಾಸು ಎರಡು ಬಣ್ಣವಾಗಿ ಕಾಣುತ್ತದೆ. ಮಗುಚಿ ಹಾಕಿ, ಬೆನ್ನಿನ ಹೊಲಿಗೆ ಸಾಲುಗಳ ನಡುವೆ ಚಾಕು ಎಳೆಯುತ್ತಾನೆ. ಅಂಚುಗಳ ಅಡಿಗೆ ಟೇಪು, ಅದರ ಮೇಲೆ ಅಂಟು. ಒಂದು ಎಸಳೂ ಅಂಟಿಗೆ ಸಿಕ್ಕದಂತೆ ಬೆರಳಿಂದ ಬಿಡಿಸುತ್ತ, ಒತ್ತುತ್ತ ಸಾಗುತ್ತಾನೆ. ನೀರಿನ ಜಾಲರಿಯ ಮೇಲಿನ ಚೌಕವನ್ನು ಮಾತ್ರ ಅಂಟಿಸುವುದಿಲ್ಲ, ಕಸ ಕಟ್ಟಿದಾಗ ಎತ್ತಬೇಕು.

ಅಮೆರಿಕದ ಹೂಸ್ಟನ್‌ನಲ್ಲಿರುವ ಆಸ್ಟ್ರೋಡೋಮ್ ಕ್ರೀಡಾಂಗಣದಿಂದ ಈ ಹುಲ್ಲಿಗೆ ಆಸ್ಟ್ರೋಟರ್ಫ್ ಎಂಬ ಹೆಸರು ಬಂತು. ಆಟಗಾರರ ಕಣ್ಣು ಕುಕ್ಕುತ್ತದೆಂದು ಚಾವಣಿಯ ಪಾರದರ್ಶಕ ಹಲಗೆಗಳಿಗೆ ಬಣ್ಣ ಬಳಿದರು. ಬೆಳಕಿಲ್ಲದೆ ಹುಲ್ಲು ಸತ್ತಿತು. 1966ರಲ್ಲಿ ನೈಲಾನ್ ಹುಲ್ಲು ಹಾಸಿದರು. ಈಗ ಮನೆಗಳಿಗೆ ಬರುವುದು ಹೆಚ್ಚಾಗಿ ಪಾಲಿಥಿಲೀನ್ ಎಸಳು, ಕಾಲಿಗೆ ಮೆತ್ತಗೆ.

ಆರೈಕೆ ಇಲ್ಲದ ಹುಲ್ಲೆಂದು ಮಾರುವುದುಂಟು, ಅದು ಸುಳ್ಳು. ಎಲೆ ಕೊಳೆಯುವ ಮುನ್ನ ಗುಡಿಸಬೇಕು. ನಡೆದಾಡಿ ಮಲಗಿದ ಎಸಳನ್ನು ಗಟ್ಟಿ ಬ್ರಷ್ಷಿನಿಂದ ಎದುರು ದಿಕ್ಕಿಗೆ ಉಜ್ಜಿ ಎಬ್ಬಿಸಬೇಕು; ತಂತಿ ಬ್ರಷ್ ಬೇಡ. ನಾಯಿ ಉಚ್ಚೆ ಹೊಯ್ದರೆ ಆಗಲೇ ನೀರು ಹಾಯಿಸಬೇಕು, ವಾಸನೆ ಉಳಿದರೆ ನೀರಿಗೆ ವಿನೆಗರ್ ಬೆರೆಸಿ ತೊಳೆಯಬೇಕು. ದೀಪಾವಳಿಯ ಸುರ್‌ಸುರ್ ಬತ್ತಿಯ ಕಿಡಿ ಬಿದ್ದ ಕಡೆ ಎಸಳು ಕರಗುತ್ತದೆ, ಆ ಗುರುತು ಹೋಗುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಬಿಸಿಲಿನ ಭಯ. ಜೀವಂತ ಹುಲ್ಲು ನೀರನ್ನು ಆವಿಯಾಗಿಸಿ ತಂಪಾಗುತ್ತದೆ, ಇದಕ್ಕೆ ಆ ಶಕ್ತಿಯಿಲ್ಲ. ಕಡುಬೇಸಿಗೆಯ ಮಧ್ಯಾಹ್ನ ಇದರ ಮೈ 60 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ನೀರು ಚಿಮುಕಿಸಿದರೆ ತಣಿಯುವುದು ಸ್ವಲ್ಪ ಹೊತ್ತಷ್ಟೇ. ಬರಿಗಾಲಿನ ಮಕ್ಕಳನ್ನು ಸಂಜೆಯೇ ಬಿಡಬೇಕು.

ಸಂಜೆ ಮನೆಯಾಕೆ ಕೆಳಗಿಳಿದು, ಹೊಂಗೆ ಮರದ ಬುಡ ತೋರಿಸಿ, "ಇಲ್ಲಿಗೂ ಹಾಸಿಬಿಡಿ" ಎನ್ನುತ್ತಾರೆ. ಇಲ್ಲಿಗೆ ಹಾಸುವುದೆಂದರೆ ಮಣ್ಣು ಅಗೆದು, ಜಲ್ಲಿ ತುಂಬಿ, ದಮ್ಮಸು ಮಾಡಿ, ಕಳೆ ಬಾರದ ಬಟ್ಟೆ ಹೊದಿಸುವುದು. ಮರದ ಬೇರು ಕೊಡಲಿಗೆ ಸಿಗುತ್ತದೆ, ಎರೆಹುಳುವಿಗೆ ಉದುರೆಲೆ ಸಿಗುವುದಿಲ್ಲ, ಮಣ್ಣು ಕೆದಕುವ ಗೊರವಂಕಕ್ಕೆ ಹುಳು ಸಿಗುವುದಿಲ್ಲ. ಸಿಮೆಂಟಿನ ಮೇಲೆ ಪ್ಲಾಸ್ಟಿಕ್ ಹಾಸಿದರೆ ನನ್ನ ತಕರಾರಿಲ್ಲ, ಬದುಕಿರುವ ಮಣ್ಣಿನ ಮೇಲೆ ಹಾಸಿದರೆ ಇದೆ. ಮೇಸ್ತ್ರಿಯೂ ತಲೆಯಾಡಿಸುತ್ತಾರೆ: "ಬೇಡಮ್ಮ, ಮಳೆ ಶುರುವಾಗ್ಲಿ, ಗರಿಕೆ ಬೇರು ತಂದು ಊರ್ತೀನಿ. ನೆರಳು ಬೀಳೋ ಕಡೆ ಅದು ಹಬ್ಬಲ್ಲ, ಅಲ್ಲಿಗೆ ದೊಡ್ಡಪತ್ರೆ ಹಾಕಿ."