ಕುಡಿತ ಬಿಡುವವರಿಗೆ ಮೊಬೈಲ್ ನೆರವಾಗುವ ಬಗೆ

ಕುಡಿತ ಬಿಡಲು ಆಸ್ಪತ್ರೆ ಸೇರಿದವರು ಕೆಲವು ದಿನಗಳಲ್ಲಿ ಚೇತರಿಸಿಕೊಂಡು ಮನೆಗೆ ಬರುತ್ತಾರೆ. ಕಷ್ಟದ ಭಾಗ ಶುರುವಾಗುವುದು ಆಮೇಲೆ. ಗದ್ದೆ ಕೆಲಸ ಮುಗಿದ ಸಂಜೆ, ಕಬ್ಬಿನ ದುಡ್ಡು ಕೈಗೆ ಬಂದ ದಿನ, ಯುಗಾದಿ ಮಾರನೆಯ ಹೊಸತೊಡಕು, ನೆಂಟರ ಮನೆಯ ಬಾಡೂಟ, ಇಂಥ ಕಡೆಯೆಲ್ಲ ಡಾಕ್ಟರು ಜೊತೆಗಿರುವುದಿಲ್ಲ. ಜೇಬಿನಲ್ಲಿ ಮೊಬೈಲ್ ಇರುತ್ತದೆ. ಆ ಹೊತ್ತಿಗೆ ಒದಗಲೆಂದೇ ವ್ಯಸನ ಚಿಕಿತ್ಸೆಯ ಆ್ಯಪ್‌ಗಳು ಹುಟ್ಟಿಕೊಂಡಿವೆ. ಅವು ಹೇಗೆ ಕೆಲಸ ಮಾಡುತ್ತವೆ, ಮಂಡ್ಯ ಜಿಲ್ಲೆಯ ಬೆಳ್ಳೂರು ಸೀಮೆಯ ಮನೆಯೊಂದು ಅವುಗಳನ್ನು ಹೇಗೆ ಬಳಸಿಕೊಳ್ಳಬಹುದು ಎಂಬ ವಿವರ ಇಲ್ಲಿದೆ.

ಮೊದಲು ಡಾಕ್ಟರು, ಆಮೇಲೆ ಆ್ಯಪ್

ವರ್ಷಗಟ್ಟಲೆ ದಿನವೂ ಕುಡಿದವರು ಯಾರನ್ನೂ ಕೇಳದೆ ಒಮ್ಮೆಲೇ ನಿಲ್ಲಿಸುವುದು ಅಪಾಯಕಾರಿ. ಕೊನೆಯ ಗುಟುಕಿನ ನಂತರ ಆರೇಳು ಗಂಟೆಗೇ ಕೈ ನಡುಕ, ಬೆವರು ಶುರುವಾಗಬಹುದು. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಇಲ್ಲದ್ದು ಕಾಣಿಸಿ, ಬುದ್ಧಿ ಕಲಸಿ, ಪ್ರಾಣಕ್ಕೇ ಸಂಚಕಾರವಾಗುತ್ತದೆ. ಇದನ್ನು ಔಷಧಿಯೇ ತಡೆಯಬೇಕು, ಯಾವ ಆ್ಯಪ್‌ನಿಂದಲೂ ಆಗದು.

ಬೆಳ್ಳೂರು, ನಾಗಮಂಗಲದ ಕಡೆಯವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹತ್ತಿರ. ಪಾಂಡವಪುರ, ಶ್ರೀರಂಗಪಟ್ಟಣದವರು ಮಂಡ್ಯದ ಮಿಮ್ಸ್‌ಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಹೋಗಬಹುದು. ಮನೋವೈದ್ಯರನ್ನು ಕಾಣುವುದಕ್ಕೆ ಸಂಕೋಚ ಬೇಡ. ಕುಡಿತ, ಮಾದಕ ವಸ್ತುಗಳಿಂದ ಬರುವ ತೊಂದರೆಗಳನ್ನೂ 2017ರ ಮಾನಸಿಕ ಆರೋಗ್ಯ ಕಾಯ್ದೆ ಕಾಯಿಲೆಯ ಸಾಲಿಗೇ ಸೇರಿಸಿದೆ. ಆದರೂ ಮದ್ಯವ್ಯಸನಕ್ಕೆ ಸಿಲುಕಿದ 38 ಮಂದಿಯಲ್ಲಿ ಒಬ್ಬರಿಗಷ್ಟೇ ಚಿಕಿತ್ಸೆ ಸಿಕ್ಕಿದೆ ಎಂದು 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ಹೇಳಿತು.

ಆ್ಯಪ್ ಒಳಗೆ ನಡೆಯುವುದೇನು?

ಹೆಸರು ಬೇರೆಬೇರೆಯಾದರೂ ಈ ಆ್ಯಪ್‌ಗಳು ಮಾಡುವ ಕೆಲಸ ಹೆಚ್ಚುಕಡಿಮೆ ನಾಲ್ಕು.

ಮೊದಲನೆಯದು ದಿನದ ಲೆಕ್ಕ. ಇವತ್ತು ಕುಡಿದಿರಾ, ನಿದ್ದೆ ಬಂತೇ, ಮನಸ್ಸು ಹೇಗಿದೆ ಎಂದು ಕೇಳಿ ಬರೆದಿಡುತ್ತದೆ. ಕೆಲವು ವಾರ ಕಳೆದ ಮೇಲೆ ಆ ಲೆಕ್ಕದಲ್ಲಿ ಒಂದು ಜಾಡು ಕಾಣುತ್ತದೆ: ಯಾವ ವಾರ, ಯಾರ ಜೊತೆ, ಎಂಥ ಸಿಟ್ಟು ಅಥವಾ ದಣಿವಿನ ನಂತರ ಆಸೆ ಕೆರಳುತ್ತದೆ ಎಂಬುದು.

ಎರಡನೆಯದು ಚಡಪಡಿಕೆಯನ್ನು ದಾಟಿಸುವುದು. ಕುಡಿಯಲೇಬೇಕೆನ್ನುವ ಒತ್ತಡ ಸಾಮಾನ್ಯವಾಗಿ ಹದಿನೈದರಿಂದ ಮೂವತ್ತು ನಿಮಿಷದಲ್ಲಿ ಏರಿ ಇಳಿಯುತ್ತದೆ. ಅಷ್ಟು ಹೊತ್ತು ಗಡಿಯಾರ ಓಡಿಸಿ, ನೀರು ಕುಡಿಸಿ, ಉಸಿರಾಟದ ಅಭ್ಯಾಸ ಮಾಡಿಸಿ ಆ್ಯಪ್ ನಿಮ್ಮನ್ನು ಹಿಡಿದಿಡುತ್ತದೆ.

ಮೂರನೆಯದು ಮಾತ್ರೆ ಮತ್ತು ಡಾಕ್ಟರನ್ನು ಕಾಣುವ ದಿನಾಂಕದ ನೆನಪು.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ತುರ್ತು ಬಟನ್. ಒತ್ತಿದರೆ ನೀವು ಮೊದಲೇ ಆರಿಸಿಟ್ಟ ಮನುಷ್ಯನಿಗೆ ಕರೆ ಹೋಗುತ್ತದೆ.

ಈ ನಾಲ್ಕನೆಯದರ ಬೆಲೆ ತಿಳಿಯಲು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೇವಿಡ್ ಗಸ್ಟಾಫ್ಸನ್ ತಂಡದ ಕೆಲಸ ನೋಡಬೇಕು. ಅವರ ಎ-ಚೆಸ್ ಎಂಬ ಆ್ಯಪ್‌ನ ಪರೀಕ್ಷೆಯ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ವ್ಯಸನ ಚಿಕಿತ್ಸಾ ಕೇಂದ್ರದಲ್ಲಿದ್ದು ಮನೆಗೆ ಹೊರಟ 349 ಜನರಲ್ಲಿ ಅರ್ಧದಷ್ಟು ಮಂದಿಗೆ ಆ್ಯಪ್ ಇರುವ ಫೋನು ಕೊಟ್ಟರು. ಅಪಾಯದ ಮಟ್ಟದಲ್ಲಿ ಕುಡಿದ ದಿನಗಳು ಆ್ಯಪ್ ಇಲ್ಲದವರಲ್ಲಿ ತಿಂಗಳಿಗೆ ಸರಾಸರಿ 2.75 ಇದ್ದರೆ, ಆ್ಯಪ್ ಇದ್ದವರಲ್ಲಿ 1.39 ಇತ್ತು. ಆ ಆ್ಯಪ್‌ನಲ್ಲಿ ತಾವು ಹಿಂದೆ ಕುಡಿಯುತ್ತಿದ್ದ ಜಾಗದ ಹತ್ತಿರ ಹೋದರೆ ಎಚ್ಚರಿಸುವ ವ್ಯವಸ್ಥೆಯೂ ಇತ್ತು, ಆಪ್ತಸಮಾಲೋಚಕರ ಜೊತೆ ಸಂಪರ್ಕವೂ ಇತ್ತು. ಬಟನ್ ಒತ್ತಿದಾಗ ಆಚೆ ಕಡೆ ಒಬ್ಬರು ಫೋನ್ ಎತ್ತುತ್ತಾರೆಂಬ ಭರವಸೆಯೇ ಅಂಥ ಆ್ಯಪ್‌ನ ಜೀವ.

ಇರುವ ಫೋನನ್ನೇ ಸಜ್ಜು ಮಾಡಿ

ಒಳ್ಳೆಯ ಆ್ಯಪ್‌ಗಳಲ್ಲಿ ಬಹುಪಾಲು ಇಂಗ್ಲಿಷಿನಲ್ಲಿವೆ. ಇಂಗ್ಲಿಷ್ ಬಾರದವರು ನಿರಾಶರಾಗಬೇಕಿಲ್ಲ, ಈ ನಾಲ್ಕೂ ಕೆಲಸವನ್ನು ಇರುವ ಫೋನಿನಲ್ಲೇ ಮಾಡಿಕೊಳ್ಳಬಹುದು.

• ಮಾತ್ರೆಯ ಹೊತ್ತಿಗೆ ಒಂದು ಅಲಾರಂ, ಆಸೆ ಕೆರಳುವ ಹೊತ್ತಿಗೆ ಅರ್ಧ ಗಂಟೆ ಮುಂಚೆ ಇನ್ನೊಂದು ಅಲಾರಂ ಇಡಿ. ಹಸಿದ ಹೊಟ್ಟೆಯಲ್ಲಿ ಆಸೆ ಜಾಸ್ತಿ, ಆ ಹೊತ್ತಿಗೆ ಏನಾದರೂ ತಿನ್ನಿ.
• ನಂಬಿಕೆಯ ಮೂರು ಜನರ ನಂಬರನ್ನು ಫೋನಿನ ಮುಖಪುಟಕ್ಕೇ ತನ್ನಿ. ಹೆಂಡತಿ, ಅಣ್ಣ, ಕುಡಿತ ಬಿಟ್ಟು ಗಟ್ಟಿಯಾಗಿ ನಿಂತ ಗೆಳೆಯ, ಯಾರಾದರೂ ಸರಿ. ಕರೆ ಬರಬಹುದೆಂದು ಅವರಿಗೆ ಮೊದಲೇ ಹೇಳಿಡಿ.
• ರಾತ್ರಿ ಮಲಗುವ ಮುಂಚೆ ಆ ದಿನದ ಬಗ್ಗೆ ಒಂದು ನಿಮಿಷ ಮಾತಾಡಿ ರೆಕಾರ್ಡ್ ಮಾಡಿ. ಬರೆಯಲು ಬೇಸರವಿರುವವರಿಗೆ ಇದು ಸುಲಭ.
• ಕುಡಿತದ ಗುಂಪಿನ ವಾಟ್ಸ್‌ಆ್ಯಪ್‌ನಿಂದ ಹೊರಬನ್ನಿ. ಯುಪಿಐನಲ್ಲಿ ದಿನದ ಖರ್ಚಿನ ಮಿತಿಯನ್ನು ಇಳಿಸಿ.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳಲ್ಲಿ ಕುಡಿತ ಬಿಟ್ಟವರು ಆಮೇಲೂ ಒಬ್ಬರಿಗೊಬ್ಬರು ಆಸರೆಯಾಗಲು ನವಜೀವನ ಸಮಿತಿಗಳಲ್ಲಿ ಸೇರುತ್ತಾರೆ. ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳ ಉದ್ದೇಶವೂ ಅದೇ. ಅಂಥ ಕೂಟದ ಒಬ್ಬರ ನಂಬರು ನಿಮ್ಮ ಫೋನಿನಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ.

ಕನ್ನಡದಲ್ಲೇ ಮಾತಾಡುವ ಸಹಾಯವಾಣಿ

14416: ಇದು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ ಈ ಉಚಿತ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಪ್ರಧಾನ ಕೇಂದ್ರ. ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಬಹುದು. 2024ರಿಂದ ಇದಕ್ಕೆ ಆ್ಯಪ್ ಕೂಡ ಇದೆ. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಬೀಡಿ, ಸಿಗರೇಟು, ಗುಟ್ಕಾ ಬಿಡಬೇಕೆಂದಿರುವವರು 1800-112-356ಕ್ಕೆ ಕರೆ ಮಾಡಬಹುದು. ಕರೆ ಮಾಡಲು ಸ್ಮಾರ್ಟ್‌ಫೋನೇ ಬೇಕೆಂದಿಲ್ಲ, ಕೀಪ್ಯಾಡ್ ಫೋನೂ ಸಾಕು.

ಡೌನ್‌ಲೋಡ್ ಮಾಡುವ ಮುಂಚೆ

ಆ್ಯಪ್ ಯಾರದ್ದು ಎಂದು ನೋಡಿ. ಆಸ್ಪತ್ರೆ, ವಿಶ್ವವಿದ್ಯಾಲಯ ಅಥವಾ ಸರ್ಕಾರದ್ದಾದರೆ ಒಳ್ಳೆಯದು. ದಿನದ ಲೆಕ್ಕ ಬರೆಯುವ ಆ್ಯಪ್ ನಿಮ್ಮ ಫೋಟೊ, ಸಂಪರ್ಕ ಪಟ್ಟಿಯನ್ನೆಲ್ಲ ಕೇಳಿದರೆ ಕೊಡಬೇಡಿ. ಮಾನ್ಯುಮೆಂಟ್ ಎಂಬ ಮದ್ಯವ್ಯಸನ ಚಿಕಿತ್ಸೆಯ ಆನ್‌ಲೈನ್ ಕಂಪನಿಯು ಬಳಕೆದಾರರ ಆರೋಗ್ಯದ ಮಾಹಿತಿಯನ್ನು ಜಾಹೀರಾತು ಕಂಪನಿಗಳಿಗೆ ಕೊಟ್ಟಿತೆಂದು ಅಮೆರಿಕದ ವ್ಯಾಪಾರ ಆಯೋಗ 2024ರಲ್ಲಿ ಕ್ರಮ ಕೈಗೊಂಡಿತು. ಫೋನಿಗೆ ಲಾಕ್ ಇರಲಿ.

ಮೊಬೈಲ್‌ನಲ್ಲಿ ಬರುವ ‘ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸುವ ಪುಡಿ’ಯ ಜಾಹೀರಾತಿಗೆ ಮರುಳಾಗಬೇಡಿ. ಅಂಥ ಪುಡಿಯಲ್ಲಿ ಡೈಸಲ್ಫಿರಾಂನಂಥ ಔಷಧಿ ಇದ್ದು, ಅದರ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು. ಡಾಕ್ಟರು ಅದನ್ನು ರೋಗಿಗೆ ಹೇಳಿ, ಒಪ್ಪಿಸಿಯೇ ಕೊಡುತ್ತಾರೆ.

ಜಾರಿದ ದಿನ

ಮತ್ತೆ ಕುಡಿದರೆ ಎಷ್ಟೋ ಜನ ನಾಚಿಕೆಯಿಂದ ಆ್ಯಪ್ ಅಳಿಸಿಬಿಡುತ್ತಾರೆ, ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ. ಆದರೆ ಆ ದಿನದ ಲೆಕ್ಕವೇ ಡಾಕ್ಟರಿಗೆ ಎಲ್ಲಕ್ಕಿಂತ ಹೆಚ್ಚು ಹೇಳುತ್ತದೆ. ಏನಾಯಿತು, ಎಲ್ಲಿ, ಯಾರಿದ್ದರು ಎಂದು ಇದ್ದದ್ದನ್ನು ಇದ್ದಂತೆ ದಾಖಲಿಸಿ. ಮನೆಯವರು ಆ ಫೋನನ್ನು ತಪ್ಪು ಹಿಡಿಯುವ ಸಾಕ್ಷಿಯಾಗಿ ಬಳಸಬಾರದು. ಬೈಗುಳ ಬಿದ್ದರೆ ಮುಂದಿನ ಸಲ ಲೆಕ್ಕ ಸುಳ್ಳಾಗುತ್ತದೆ, ಕರೆಯೂ ಬರುವುದಿಲ್ಲ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಚೀಟಿಯ ಜೊತೆ ಮೊಬೈಲನ್ನೂ ಒಯ್ದು ಡಾಕ್ಟರಿಗೆ ತೋರಿಸಿ. ಮಾತ್ರೆ ಬದಲಿಸಬೇಕೆ, ಸಮಾಲೋಚನೆ ಹೆಚ್ಚಿಸಬೇಕೆ ಎಂದು ಅವರು ಅದನ್ನು ನೋಡಿ ತೀರ್ಮಾನಿಸಬಲ್ಲರು.